ಬಾರೋವೋ ಲೆಂಡೋ, ಡೌಟೋ ಸಸ್ಪೆಕ್ಟೋ: ಗೊಂದಲದ ಇಂಗ್ಲಿಷ್ ಜೋಡಿಗಳಲ್ಲಿ ಆಯ್ಕೆ ಹೇಗೆ

ಗೊಂದಲ ಹುಟ್ಟಿಸುವ ಇಂಗ್ಲಿಷ್ ಪದಗಳ ಪಟ್ಟಿಗಳಿಗೆ ಕೊರತೆಯಿಲ್ಲ. ಎಡಗಡೆ ಒಂದು ಪದ, ಬಲಗಡೆ ಇನ್ನೊಂದು, ಪಕ್ಕದಲ್ಲಿ ಒಂದೊಂದು ಸಾಲಿನ ಅರ್ಥ. ಓದುವಾಗ ಎಲ್ಲವೂ ತಿಳಿದಂತೆಯೇ ಇರುತ್ತದೆ. ಮಾರನೆಯ ದಿನ ಪತ್ರ ಬರೆಯಲು ಕುಳಿತಾಗ ಎಡದ್ದು ಯಾವುದು, ಬಲದ್ದು ಯಾವುದು ಎಂಬುದೇ ನೆನಪಿರುವುದಿಲ್ಲ. ಇದರಲ್ಲಿ ಓದುಗರ ತಪ್ಪೇನೂ ಇಲ್ಲ. ಬೇರೆ ಬೇರೆ ಕಾರಣಗಳಿಂದ ತೊಡಕಾದ ಜೋಡಿಗಳನ್ನು ಆ ಪಟ್ಟಿಗಳು ಒಂದೇ ರಾಶಿಗೆ ಸುರಿದುಬಿಟ್ಟಿರುತ್ತವೆ. ಕೆಲವು ಜೋಡಿಗಳು ಇಂಗ್ಲಿಷನ್ನು ತಾಯಿನುಡಿಯಾಗಿ ಆಡುವವರನ್ನೂ ಕಾಡುತ್ತವೆ. ಕೆಲವು ಅವರನ್ನು ಕಾಡುವುದೇ ಇಲ್ಲ, ನಮ್ಮನ್ನು ಮಾತ್ರ. ಏಕೆಂದರೆ ಅವರು ಎರಡು ಪದ ಇಟ್ಟುಕೊಂಡಿರುವ ಕಡೆ ಕನ್ನಡ ಒಂದರಲ್ಲೇ ಕೆಲಸ ಮುಗಿಸುತ್ತದೆ. ಇನ್ನು ಕೆಲವು ಕಡೆ ಕನ್ನಡವೇ ಹೆಚ್ಚು ಸ್ಪಷ್ಟ, ಆದರೆ ಇಂಗ್ಲಿಷ್ ಬರೆಯುವಾಗ ಅದರ ಸಹಾಯ ಪಡೆಯಬಹುದೆಂದು ನಮಗೆ ಹೊಳೆಯುವುದಿಲ್ಲ. ‘ಇಂಗ್ಲಿಷಿನಲ್ಲೇ ಯೋಚಿಸಿ’ ಎಂಬ ಉಪದೇಶ ಎಷ್ಟೋ ವೇಳೆ ಕೈಯಲ್ಲಿದ್ದ ಅಳತೆಗೋಲನ್ನೇ ಬಿಸಾಡಿಸುತ್ತದೆ.

ಹಾಗಾಗಿ ಇಲ್ಲಿ ಜೋಡಿಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಇಟ್ಟಿಲ್ಲ, ತೊಡಕು ಎಲ್ಲಿಂದ ಬಂತು ಎಂಬುದನ್ನು ನೋಡಿ ಇಟ್ಟಿದೆ.

ಕನ್ನಡವೇ ಬಿಡಿಸಿಕೊಡುವ ಜೋಡಿಗಳು

‘ಹಿಯರ್’ ಮತ್ತು ‘ಲಿಸನ್’ ಎರಡಕ್ಕೂ ನಿಘಂಟು ‘ಕೇಳು’ ಎಂದೇ ಅರ್ಥ ಕೊಡುತ್ತದೆ. ‘ಸೀ’, ‘ಲುಕ್’, ‘ವಾಚ್’ ಮೂರಕ್ಕೂ ‘ನೋಡು’. ಆದರೆ ಕನ್ನಡದಲ್ಲಿ ಈ ವ್ಯತ್ಯಾಸ ಇಲ್ಲವೇ? ಇದೆ, ಕ್ರಿಯಾಪದದಲ್ಲಷ್ಟೇ ಹುಡುಕಬಾರದು. ‘ನನಗೆ ಸದ್ದು ಕೇಳಿಸಿತು’ ಎಂದರೆ ನಾನು ಬೇಡವೆಂದರೂ ಅದು ಕಿವಿಗೆ ಬಿತ್ತು. ‘ನಾನು ಹಾಡು ಕೇಳಿದೆ’ ಎಂದರೆ ಮನಸ್ಸಿಟ್ಟು ಕೇಳಿದೆ. ‘ನನಗೆ’ ಎಂದು ಶುರುವಾದರೆ ‘ಹಿಯರ್’, ‘ನಾನು’ ಎಂದು ಶುರುವಾದರೆ ‘ಲಿಸನ್’. ಹಾಗೆಯೇ ‘ನನಗೆ ಬೆಟ್ಟ ಕಾಣಿಸಿತು’ ಎನ್ನುವುದಾದರೆ ‘ಸೀ’, ‘ನಾನು ಬೆಟ್ಟದ ಕಡೆ ನೋಡಿದೆ’ ಎನ್ನುವುದಾದರೆ ‘ಲುಕ್’. ಈ ಒಂದೇ ಪರೀಕ್ಷೆ ಇನ್ನೊಂದು ತಪ್ಪನ್ನೂ ತಡೆಯುತ್ತದೆ. ತಾನಾಗಿ ಒದಗುವ ಅನುಭವವನ್ನು ಇಂಗ್ಲಿಷ್ ಸಾಮಾನ್ಯವಾಗಿ ‘ಇಂಗ್’ ರೂಪದಲ್ಲಿ ಹೇಳುವುದಿಲ್ಲ. ‘ನನಗೆ ಬೆಟ್ಟ ಕಾಣಿಸುತ್ತಿದೆ’ ಎಂಬುದಕ್ಕೆ ‘ಐ ಕ್ಯಾನ್ ಸೀ’ ಸರಿ, ‘ಐ ಆಮ್ ಸೀಯಿಂಗ್’ ಅಲ್ಲ.

‘ಲುಕ್’ ಮತ್ತು ‘ವಾಚ್’ ನಡುವಿನ ಅಂತರ ಬೇರೆ. ನಿಂತ ವಸ್ತುವಿನತ್ತ ಕಣ್ಣು ಹಾಯಿಸುವುದು ‘ಲುಕ್’. ಚಲಿಸುವ, ಬದಲಾಗುವ ಸಂಗತಿಯನ್ನು ಸ್ವಲ್ಪ ಹೊತ್ತು ಹಿಂಬಾಲಿಸಿ ನೋಡುವುದು ‘ವಾಚ್’. ಛಾಯಾಚಿತ್ರಕ್ಕೆ ಮೊದಲನೆಯದು, ಪಂದ್ಯಕ್ಕೆ ಎರಡನೆಯದು. ಸಿನಿಮಾಕ್ಕೆ ‘ವಾಚ್’ ಎಂದರೂ ಸರಿ, ‘ಸೀ’ ಎಂದರೂ ಸರಿ. ಅಲ್ಲಿ ಇಂಗ್ಲಿಷೇ ಸಡಿಲ ಬಿಟ್ಟಿದೆ.

ಇದಕ್ಕಿಂತ ದೊಡ್ಡ ಉಪಕಾರ ಮಾಡುವುದು ನಮ್ಮ ‘ಇಸು’ ಪ್ರತ್ಯಯ. ‘ರೈಸ್’ ಮತ್ತು ‘ರೇಯ್ಸ್’ ನಡುವೆ ತಡವರಿಸುವವರು ಬೆಲೆಯ ಬಗ್ಗೆ ಕನ್ನಡದಲ್ಲಿ ಒಮ್ಮೆ ಹೇಳಿ ನೋಡಲಿ: ಬೆಲೆ ಏರಿತು, ಬೆಲೆ ಏರಿಸಿದರು. ತಾನಾಗಿ ಏರಿದ್ದು ‘ರೈಸ್’, ಯಾರೋ ಏರಿಸಿದ್ದು ‘ರೇಯ್ಸ್’. ‘ಕಲಿ’ ಎಂಬುದು ‘ಲರ್ನ್’, ‘ಕಲಿಸು’ ಎಂಬುದು ‘ಟೀಚ್’. ನೆನಪಾದದ್ದು ‘ರಿಮೆಂಬರ್’, ನೆನಪಿಸಿದ್ದು ‘ರಿಮೈಂಡ್’. ತಾನೇ ಕೂತರೆ ‘ಸಿಟ್’, ಏನನ್ನಾದರೂ ಕೂರಿಸಿದರೆ ‘ಸೆಟ್’. ಮರ ಬಿದ್ದರೆ ‘ಫಾಲ್’, ಕಡಿದು ಬೀಳಿಸಿದರೆ ‘ಫೆಲ್’. ಒಂದು ಎಚ್ಚರಿಕೆ ಮಾತ್ರ ಬೇಕು: ‘ಇಸು’ ಇರುವ ಎಲ್ಲ ಕನ್ನಡ ಕ್ರಿಯಾಪದಗಳೂ ಮಾಡಿಸುವ ಅರ್ಥದವಲ್ಲ. ಮೇಲೆ ಹೇಳಿದ ‘ಕೇಳಿಸು’, ‘ಕಾಣಿಸು’ಗಳಲ್ಲೂ ಅದು ಇದೆ, ಆದರೆ ಅಲ್ಲಿ ದಾರಿ ತೋರುವುದು ‘ನನಗೆ’ ಎಂಬ ವಿಭಕ್ತಿ.

ಇಂಗ್ಲಿಷಿಗೂ ಒಂದು ಕಾಲದಲ್ಲಿ ತನ್ನದೇ ‘ಇಸು’ ಇತ್ತು. ಅದರ ಪೂರ್ವಜ ಭಾಷೆಗಳು ಕ್ರಿಯಾಪದಕ್ಕೆ ಪ್ರತ್ಯಯ ಹಚ್ಚಿ ಮಾಡಿಸುವ ಅರ್ಥ ತರುತ್ತಿದ್ದವು. ಪ್ರತ್ಯಯ ಸವೆದುಹೋಯಿತು, ಅದು ಬದಲಿಸಿದ ಸ್ವರ ಮಾತ್ರ ಉಳಿಯಿತು. ‘ಸಿಟ್–ಸೆಟ್’, ‘ಫಾಲ್–ಫೆಲ್’ ಹಾಗೆ ಉಳಿದ ಜೋಡಿಗಳು. ತೋಯಿಸು ಎಂಬರ್ಥದ ‘ಡ್ರೆಂಚ್’ ಮೂಲದಲ್ಲಿ ‘ಡ್ರಿಂಕ್’ ಪದದ ಇಂಥದೇ ಒಡಹುಟ್ಟು, ಅಂದರೆ ‘ಕುಡಿಸು’. ‘ರೇಯ್ಸ್’ ಮಾತ್ರ ಹಳೆಯ ನಾರ್ಸ್ ಭಾಷೆಯಿಂದ ಬಂದು ‘ರೈಸ್’ ಪಕ್ಕದಲ್ಲಿ ಕೂತಿತು. ಇಂಗ್ಲಿಷ್ ಆಡುವವರಿಗೆ ಇಂದು ಈ ಸಂಬಂಧ ಕಾಣುವುದಿಲ್ಲ, ನಮಗೆ ಕಾಣುತ್ತದೆ.

ಈ ಗುಂಪಿನಲ್ಲಿ ಅತ್ಯಂತ ಕಿರುಕುಳದ ಜೋಡಿ ‘ಲೈ’ ಮತ್ತು ‘ಲೇ’. ತಾನು ಮಲಗುವುದು ‘ಲೈ’, ಇನ್ನೊಂದನ್ನು ಮಲಗಿಸುವುದು ಅಥವಾ ಇಡುವುದು ‘ಲೇ’. ಕೋಳಿ ಮೊಟ್ಟೆ ‘ಇಡುತ್ತದೆ’ ಎನ್ನುವಲ್ಲಿ ಎರಡನೆಯದು ಬರುವುದು ಇದಕ್ಕಾಗಿಯೇ. ಇಷ್ಟಕ್ಕೇ ನಿಂತಿದ್ದರೆ ಸುಲಭವಿತ್ತು. ಮೊದಲನೆಯದರ ಭೂತಕಾಲವೂ ‘ಲೇ’ ಆಗಿರುವುದು ನಿಜವಾದ ಇಕ್ಕಟ್ಟು. ಮಲಗುವುದಕ್ಕೆ ‘ಲೈ, ಲೇ, ಲೇನ್’. ಇಡುವುದಕ್ಕೆ ‘ಲೇ, ಲೇಯ್ಡ್, ಲೇಯ್ಡ್’. ಸುಳ್ಳು ಹೇಳುವ ‘ಲೈ’ಗೆ ‘ಲೈಡ್’. ‘ನಿನ್ನೆ ಮಧ್ಯಾಹ್ನ ಮಲಗಿದ್ದೆ’ ಎನ್ನಲು ‘ಲೇಯ್ಡ್’ ಎಂದು ಬರೆಯುವ ತಪ್ಪನ್ನು ಇಂಗ್ಲಿಷ್ ಮನೆಮಾತಿನವರೂ ಧಾರಾಳವಾಗಿ ಮಾಡುತ್ತಾರೆ, ಆದ್ದರಿಂದ ನಾಚಿಕೊಳ್ಳಬೇಕಾಗಿಲ್ಲ. ಈ ಮೂರು ಸಾಲುಗಳನ್ನು ಬಾಯಿಪಾಠ ಮಾಡಿಕೊಳ್ಳುವುದು ಬಿಟ್ಟು ಬೇರೆ ಉಪಾಯ ನನಗೆ ಕಂಡಿಲ್ಲ.

‘ಫ್ಯೂ’ ಮತ್ತು ‘ಎ ಫ್ಯೂ’ ನಡುವಿನ ವ್ಯತ್ಯಾಸವನ್ನು ಪಾಠಪುಸ್ತಕಗಳು ಒಂದು ನಕಾರಾತ್ಮಕ, ಇನ್ನೊಂದು ಸಕಾರಾತ್ಮಕ ಎಂದು ವಿವರಿಸಿ ಗೊಂದಲವನ್ನು ಹೆಚ್ಚಿಸುತ್ತವೆ. ಕನ್ನಡದ ಒಂದು ಏಕಾರ ಸಾಕು. ‘ಕೆಲವರು ಬಂದರು’ ಎಂದರೆ ‘ಎ ಫ್ಯೂ’. ‘ಬಂದವರು ಕೆಲವರೇ’ ಎಂದರೆ ‘ಫ್ಯೂ’. ‘ಎ ಲಿಟಲ್’ ಎಂದರೆ ಸ್ವಲ್ಪ, ‘ಲಿಟಲ್’ ಎಂದರೆ ಸ್ವಲ್ಪವೇ. ನಾವು ಅಕ್ಷರ ಸೇರಿಸಿ ತೋರಿಸುವ ಕೊರತೆಯನ್ನು ಅವರು ಅಕ್ಷರ ತೆಗೆದು ತೋರಿಸುತ್ತಾರೆ.

‘ಬೈ’ ಮತ್ತು ‘ಅನ್‌ಟಿಲ್’ ಕೂಡ ಹೀಗೆಯೇ. ‘ಶುಕ್ರವಾರದೊಳಗೆ ಕೊಡಿ’ ಎನ್ನುವಾಗ ‘ಬೈ’, ‘ಶುಕ್ರವಾರದವರೆಗೆ ಇರುತ್ತೇನೆ’ ಎನ್ನುವಾಗ ‘ಅನ್‌ಟಿಲ್’. ಇಲ್ಲಿ ಒಂದು ಗುಂಡಿಯಿದೆ: ‘ಒಳಗೆ’ ಎಂದಾಕ್ಷಣ ಕೈ ‘ವಿದಿನ್’ ಎಂದು ಬರೆದುಬಿಡುತ್ತದೆ. ‘ವಿದಿನ್’ ಮುಂದೆ ಅವಧಿ ಬರಬೇಕು, ಗಡುವಿನ ಹೆಸರಲ್ಲ. ಮೂರು ದಿನಗಳೊಳಗೆ ಎಂದರೆ ‘ವಿದಿನ್’, ಐದು ಗಂಟೆಯೊಳಗೆ ಎಂದರೆ ‘ಬೈ’.

‘ಗೊತ್ತಿತ್ತು’ ಮತ್ತು ‘ಗೊತ್ತಾಯಿತು’ ನಡುವೆ ಕನ್ನಡದಲ್ಲಿ ಯಾರೂ ಎಡವುವುದಿಲ್ಲ. ಇಂಗ್ಲಿಷಿಗೆ ಹೋದಾಗ ಎರಡೂ ‘ನ್ಯೂ’ ಆಗಿಬಿಡುತ್ತವೆ. ಮೊದಲೇ ಗೊತ್ತಿದ್ದರೆ ಮಾತ್ರ ಅದು ಸರಿ. ನಿನ್ನೆ ಗೊತ್ತಾದದ್ದಾದರೆ ‘ಫೌಂಡ್ ಔಟ್’ ಎನ್ನಬೇಕು. ಕಚೇರಿಯ ಪತ್ರಗಳಲ್ಲಿ ಇದು ಸಣ್ಣ ವಿಷಯವಲ್ಲ. ತೊಂದರೆಯ ಬಗ್ಗೆ ಮೊದಲೇ ಗೊತ್ತಿದ್ದೂ ಸುಮ್ಮನಿದ್ದಿರಿ ಎಂಬ ಅರ್ಥ ಬಂದರೆ ಉತ್ತರ ಕೊಡುವುದು ಕಷ್ಟ.

ಒಂದೇ ಕನ್ನಡ ಪದದಡಿ ಅಡಗಿರುವ ಎರಡು

ಇಲ್ಲಿ ಕನ್ನಡ ನೇರವಾಗಿ ನೆರವಾಗುವುದಿಲ್ಲ, ಏಕೆಂದರೆ ತೊಡಕು ಕನ್ನಡದಿಂದಲೇ ಬಂದದ್ದು. ಇವುಗಳಲ್ಲಿ ಅತ್ಯಂತ ಅಪಾಯಕಾರಿ ‘ಡೌಟ್’ ಮತ್ತು ‘ಸಸ್ಪೆಕ್ಟ್’. ನಮ್ಮ ‘ಅನುಮಾನ’ ಎರಡನ್ನೂ ನುಂಗಿಕೊಂಡಿದೆ. ‘ಅವನು ಬರುವುದು ಅನುಮಾನ’ ಎಂದರೆ ಬರಲಿಕ್ಕಿಲ್ಲ. ‘ಅವನೇ ಸುಳ್ಳು ಹೇಳಿದ್ದಾನೆಂದು ಅನುಮಾನ’ ಎಂದರೆ ಹೇಳಿರಬೇಕು. ಒಂದೇ ಪದ, ಎದುರುಬದುರು ದಿಕ್ಕು. ಇಂಗ್ಲಿಷಿನಲ್ಲಿ ಮೊದಲನೆಯದು ‘ಡೌಟ್’, ಎರಡನೆಯದು ‘ಸಸ್ಪೆಕ್ಟ್’. ಎರಡನೆಯ ವಾಕ್ಯದಲ್ಲಿ ‘ಡೌಟ್’ ಬಳಸಿದರೆ ‘ಅವನು ಸುಳ್ಳು ಹೇಳಿದ್ದಾನೆಂದು ನಾನು ನಂಬುವುದಿಲ್ಲ’ ಎಂದಾಗುತ್ತದೆ. ದೂರು ಕೊಡಲು ಹೋದವರು ಸಮರ್ಥನೆ ಬರೆದು ಬಂದಂತೆ. ವಾಕ್ಯದ ಕೊನೆಗೆ ‘ಲಿಕ್ಕಿಲ್ಲ’ ಹೊಂದುತ್ತದೆಯೋ ‘ಇರಬೇಕು’ ಹೊಂದುತ್ತದೆಯೋ ನೋಡಿಕೊಂಡರೆ ಸಾಕು. ಕುತೂಹಲದ ವಿಷಯವೆಂದರೆ ಸ್ಕಾಟ್ಲೆಂಡಿನ ಆಡುನುಡಿಯಲ್ಲಿ ‘ಡೌಟ್’ ಪದಕ್ಕೆ ‘ಹೀಗಾಗಬಹುದೆಂಬ ಶಂಕೆ’ ಎಂಬ ಅರ್ಥ ಇಂದಿಗೂ ಉಳಿದಿದೆ. ಅಲ್ಲಿ ಮಳೆಯ ಬಗ್ಗೆ ‘ಡೌಟ್’ ಎಂದರೆ ಕೊಡೆ ಹಿಡಿದು ಹೊರಡುವುದು ಲೇಸು.

ಇದರದೇ ಇನ್ನೊಂದು ಮುಖ ತರಗತಿಯ ‘ಐ ಹ್ಯಾವ್ ಎ ಡೌಟ್’. ಪ್ರಶ್ನೆ ಇದೆ ಎಂಬರ್ಥದಲ್ಲಿ ಇದನ್ನು ಹೇಳುವುದು ನಮ್ಮ ಉಪಖಂಡದಲ್ಲಿ ನಡೆದುಹೋಗುತ್ತದೆ. ಹೊರಗಿನವರಿಗೆ ಇದು ‘ನೀವು ಹೇಳಿದ್ದು ನಂಬುವಂತಿಲ್ಲ’ ಎಂದು ಕೇಳಿಸಬಹುದು. ಅವರ ಮುಂದೆ ‘ಕ್ವೆಶ್ಚನ್’ ಎಂದುಬಿಡುವುದು ಕ್ಷೇಮ.

‘ಶೇಡ್’ ಮತ್ತು ‘ಶ್ಯಾಡೋ’ ಎರಡೂ ನಮಗೆ ನೆರಳೇ. ಬಿಸಿಲಿಲ್ಲದ ಜಾಗ ಮೊದಲನೆಯದು, ಬೆಳಕಿಗೆ ಅಡ್ಡ ಬಂದ ವಸ್ತುವಿನ ಆಕಾರ ಎರಡನೆಯದು. ಮೊದಲನೆಯದರಲ್ಲಿ ಕೂರಬಹುದು, ಎರಡನೆಯದು ಹಿಂಬಾಲಿಸುತ್ತದೆ. ‘ಕೈ’ ಎಂದರೆ ‘ಹ್ಯಾಂಡ್’ ಕೂಡ ‘ಆರ್ಮ್’ ಕೂಡ, ‘ಕಾಲು’ ಎಂದರೆ ‘ಫುಟ್’ ಕೂಡ ‘ಲೆಗ್’ ಕೂಡ. ಮಣಿಕಟ್ಟು ಮತ್ತು ಕಣಕಾಲುಗಳಲ್ಲಿ ಇಂಗ್ಲಿಷ್ ಗೆರೆ ಎಳೆಯುತ್ತದೆ. ಅದರಿಂದ ಕೆಳಗಿನದು ‘ಹ್ಯಾಂಡ್’ ಮತ್ತು ‘ಫುಟ್’. ವೈದ್ಯರ ಮುಂದೆ ಇದು ನೆನಪಿರಬೇಕು.

ಹವಾಮಾನ ವರದಿಯಲ್ಲಿರುವುದು ‘ವೆದರ್’, ಹವಾಮಾನ ಬದಲಾವಣೆಯಲ್ಲಿರುವುದು ‘ಕ್ಲೈಮೇಟ್’. ನಮ್ಮ ಪತ್ರಿಕೆಗಳು ಎರಡಕ್ಕೂ ಒಂದೇ ಪದ ಬಳಸುವುದರಿಂದ, ಒಂದು ದಿನ ವಿಪರೀತ ಚಳಿಯಾದರೆ ‘ಭೂಮಿ ಬಿಸಿಯಾಗುತ್ತಿದೆ ಎನ್ನುತ್ತಾರಲ್ಲ!’ ಎಂಬ ವಾದ ಸುಲಭವಾಗಿ ಹುಟ್ಟಿಕೊಳ್ಳುತ್ತದೆ. ಇಂದು, ನಾಳೆ, ಈ ವಾರದ ಸ್ಥಿತಿ ‘ವೆದರ್’. ಬಹುಕಾಲದ ಸರಾಸರಿ ‘ಕ್ಲೈಮೇಟ್’. ವಿಶ್ವ ಹವಾಮಾನ ಸಂಸ್ಥೆ ಅದನ್ನು ಅಳೆಯಲು 30 ವರ್ಷಗಳ ಅವಧಿಯನ್ನು ಮಾನದಂಡವಾಗಿ ಇಟ್ಟುಕೊಂಡಿದೆ. ‘ಹವಾಗುಣ’ ಎಂಬ ಪದವನ್ನು ಎರಡನೆಯದಕ್ಕೆ ಮೀಸಲಿಟ್ಟರೆ ಕನ್ನಡದಲ್ಲೂ ಈ ತೊಡಕು ತೀರುತ್ತದೆ.

‘ಐತಿಹಾಸಿಕ’ ಕೂಡ ಇಂಥದ್ದೇ. ಐತಿಹಾಸಿಕ ಗೆಲುವು ಎಂದರೆ ಇತಿಹಾಸದಲ್ಲಿ ಉಳಿಯುವಂಥದ್ದು, ಅದು ‘ಹಿಸ್ಟಾರಿಕ್’. ಐತಿಹಾಸಿಕ ಕಾದಂಬರಿ ಎಂದರೆ ಇತಿಹಾಸಕ್ಕೆ ಸಂಬಂಧಿಸಿದ್ದು, ಅದು ‘ಹಿಸ್ಟಾರಿಕಲ್’. ‘ಎಕನಾಮಿಕ್’ ಮತ್ತು ‘ಎಕನಾಮಿಕಲ್’ ಜೋಡಿಯನ್ನು ಇದೇ ಸೂತ್ರದಿಂದ ಬಿಡಿಸಲು ಹೋಗಬೇಡಿ. ಅಲ್ಲಿ ಗಿಡ್ಡದ್ದು ಆರ್ಥಿಕ, ಉದ್ದದ್ದು ಮಿತವ್ಯಯದ. ಬಾಲ ಒಂದೇ ಆದರೂ ಅರ್ಥ ಒಂದೇ ರೀತಿ ತಿರುಗುವುದಿಲ್ಲ.

ಕಾಲವನ್ನು ಸೂಚಿಸುವಲ್ಲಿ ನಮ್ಮ ‘ಇನ್ನೂ’, ‘ಹಿಂದೆ’, ‘ಇಂದ’ ಮೂರೂ ಇಬ್ಬಗೆ. ‘ಇನ್ನೂ ಇದ್ದಾನೆ’ ಎಂದರೆ ‘ಸ್ಟಿಲ್’, ‘ಇನ್ನೂ ಬಂದಿಲ್ಲ’ ಎಂದರೆ ‘ಯೆಟ್’. ಬಂದಿಲ್ಲ ಎನ್ನುವಾಗಲೂ ‘ಸ್ಟಿಲ್’ ಹಾಕಬಹುದು, ಆದರೆ ಅದರಲ್ಲಿ ಅಸಹನೆ ಸೇರುತ್ತದೆ. ಮೇಲಧಿಕಾರಿಗೆ ಬರೆಯುವಾಗ ಬೇಡ. ‘ಎರಡು ದಿನಗಳ ಹಿಂದೆ’ ಎಂಬುದನ್ನು ಈ ಕ್ಷಣದಿಂದ ಎಣಿಸಿದರೆ ‘ಅಗೋ’, ಕಳೆದುಹೋದ ಇನ್ನೊಂದು ಘಟನೆಯಿಂದ ಎಣಿಸಿದರೆ ‘ಬಿಫೋರ್’. ‘ಸೋಮವಾರದಿಂದ’ ಎಂದರೆ ‘ಸಿನ್ಸ್’, ‘ಮೂರು ದಿನಗಳಿಂದ’ ಎಂದರೆ ‘ಫಾರ್’: ಶುರುವಾದ ಬಿಂದುವಿಗೆ ಒಂದು, ಕಳೆದ ಉದ್ದಕ್ಕೆ ಇನ್ನೊಂದು.

‘ಕಡಿಮೆ’ ಎಂಬುದು ‘ಲೆಸ್’ ಆಗಬೇಕೋ ‘ಫ್ಯೂಯರ್’ ಆಗಬೇಕೋ ಎಂದು ಇಂಗ್ಲಿಷ್ ಪಂಡಿತರು ಜಗಳವಾಡಿದಷ್ಟು ನಾವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಣಿಸಬಹುದಾದದ್ದಕ್ಕೆ ‘ಫ್ಯೂಯರ್’ ಎಂಬ ನಿಯಮಕ್ಕೆ ಮೂಲವೆಂದು ತೋರಿಸುವುದು ರಾಬರ್ಟ್ ಬೇಕರ್ ಎಂಬಾತ 1770ರಲ್ಲಿ ಬರೆದ ಒಂದು ಟಿಪ್ಪಣಿಯನ್ನು. ಆತನೂ ಅದನ್ನು ತನಗೆ ಸೊಗಸೆನಿಸುವ ಬಳಕೆ ಎಂದಷ್ಟೇ ಹೇಳಿದ್ದ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ನಿಯಮ ಪಾಲಿಸಿ. ದೂರ, ಹಣ, ಕಾಲ ಇವುಗಳನ್ನು ಅಂಕಿಯಲ್ಲಿ ಹೇಳಿದರೂ ‘ಲೆಸ್’ ಎಂಬುದೇ ಸಹಜ. ಉಳಿದ ಕಡೆ ನಿದ್ದೆಗೆಡಬೇಡಿ.

ಯಾರಿಂದ ಯಾರಿಗೆ

‘ಸಾಲ’ ಎಂಬ ನಾಮಪದಕ್ಕೆ ‘ಕೊಡು’, ‘ತೆಗೆದುಕೊಳ್ಳು’ ಸೇರಿಸಿ ನಾವು ದಿಕ್ಕು ತೋರಿಸುತ್ತೇವೆ. ಇಂಗ್ಲಿಷ್ ಆ ದಿಕ್ಕನ್ನು ಕ್ರಿಯಾಪದದೊಳಗೇ ಹೊಲಿದಿದೆ: ಕೊಟ್ಟರೆ ‘ಲೆಂಡ್’, ಪಡೆದರೆ ‘ಬಾರೋ’. ‘ನಿಮ್ಮ ಪೆನ್ನು ಕೊಡುತ್ತೀರಾ’ ಎಂದು ಕೇಳುವಾಗ ವಾಕ್ಯದ ಕರ್ತೃ ಯಾರೆಂದು ನೋಡಬೇಕು. ‘ನೀವು’ ಆದರೆ ‘ಲೆಂಡ್’, ‘ನಾನು’ ಆದರೆ ‘ಬಾರೋ’. ವಿಚಿತ್ರವೆಂದರೆ ಬಾಡಿಗೆಯ ವಿಷಯದಲ್ಲಿ ಇಂಗ್ಲಿಷ್ ಇಷ್ಟು ಕಟ್ಟುನಿಟ್ಟಿಲ್ಲ. ‘ರೆಂಟ್’ ಮನೆ ಕೊಡುವವರಿಗೂ ಹಿಡಿಯುವವರಿಗೂ ನಡೆಯುತ್ತದೆ.

‘ಇಂಪ್ಲೈ’ ಮತ್ತು ‘ಇನ್‌ಫರ್’ ಜೋಡಿಯೂ ದಿಕ್ಕಿನದೇ. ಹೇಳುವವರು ಬಾಯಿಬಿಟ್ಟು ಹೇಳದೆ ಸೂಚಿಸಿದರೆ ‘ಇಂಪ್ಲೈ’, ಕೇಳುವವರು ಅದರಿಂದ ಊಹಿಸಿದರೆ ‘ಇನ್‌ಫರ್’. ಕಾವ್ಯಮೀಮಾಂಸೆಯ ಪರಿಚಯವಿದ್ದವರಿಗೆ ‘ಧ್ವನಿಸು’ ಎಂಬ ಸೊಗಸಾದ ಪದ ಮೊದಲನೆಯದಕ್ಕೆ ಸಿದ್ಧವಾಗಿದೆ. ದೇಶ ಬಿಟ್ಟು ಹೋಗುವುದು ‘ಎಮಿಗ್ರೇಟ್’, ಬಂದು ನೆಲೆಸುವುದು ‘ಇಮಿಗ್ರೇಟ್’. ಒಬ್ಬನೇ ಮನುಷ್ಯ ಒಂದೇ ಪ್ರಯಾಣದಲ್ಲಿ ಎರಡನ್ನೂ ಮಾಡುತ್ತಾನೆ. ‘ಸ್ಟೀಲ್’ ಮುಂದೆ ಕದ್ದ ವಸ್ತು ಬರುತ್ತದೆ, ‘ರಾಬ್’ ಮುಂದೆ ದೋಚಿಸಿಕೊಂಡ ವ್ಯಕ್ತಿ ಅಥವಾ ಜಾಗ. ಹಣವನ್ನು ‘ರಾಬ್’ ಮಾಡಿದರು ಎಂಬುದು ತಪ್ಪು.

ಅಕ್ಷರದ ಅಂತರ, ಅರ್ಥದ ಕಂದಕ

‘ಅಫೆಕ್ಟ್’ ಮತ್ತು ‘ಎಫೆಕ್ಟ್’ ಬಗ್ಗೆ ಇರುವಷ್ಟು ನೆನಪಿನ ಸೂತ್ರಗಳು ಬೇರಾವುದರ ಬಗ್ಗೆಯೂ ಇಲ್ಲ. ಅಷ್ಟಾದರೂ ತಪ್ಪು ನಿಂತಿಲ್ಲ. ‘ಪರಿಣಾಮ’ ಎಂಬ ನಾಮಪದ ಬೇಕಾದರೆ ‘ಎಫೆಕ್ಟ್’. ‘ಪರಿಣಾಮ ಬೀರು’, ‘ಬಾಧಿಸು’ ಎಂಬ ಕ್ರಿಯೆ ಬೇಕಾದರೆ ‘ಅಫೆಕ್ಟ್’. ಪದದ ಹಿಂದೆ ‘ಆ್ಯನ್’ ಅಥವಾ ‘ದಿ’ ಕೂತಿದ್ದರೆ ಬಹುತೇಕ ‘ಎಫೆಕ್ಟ್’. ಕನ್ನಡದಲ್ಲಿ ‘ಅದರ ಮೇಲೆ’ ಪರಿಣಾಮ ಬೀರುತ್ತದೆ ಎನ್ನುವುದರಿಂದ ‘ಅಫೆಕ್ಟ್’ ಮುಂದೆ ‘ಆನ್’ ಸೇರಿಸುವ ಚಾಳಿ ನಮ್ಮದು. ಅದು ಬೇಡ, ‘ಮೇಲೆ’ ಎಂಬುದು ಆ ಕ್ರಿಯಾಪದದೊಳಗೇ ಇದೆ. ಎರಡು ಅಪವಾದಗಳಿವೆ. ಬದಲಾವಣೆಯನ್ನು ತಂದೇಬಿಡು ಎನ್ನುವಾಗ ‘ಎಫೆಕ್ಟ್’ ಕ್ರಿಯಾಪದವಾಗುತ್ತದೆ. ಮನಃಶಾಸ್ತ್ರದಲ್ಲಿ ಭಾವ ಎಂಬರ್ಥದಲ್ಲಿ ‘ಅಫೆಕ್ಟ್’ ನಾಮಪದವಾಗುತ್ತದೆ.

ಮುಂದಿನ ಜೋಡಿಗಳು ಕನ್ನಡ ಲಿಪಿಗೆ ಬಂದರೆ ಒಂದೇ ಆಗಿಬಿಡುತ್ತವೆ. ‘ಅಡ್ವೈಸ್’ ಕೊನೆಯಲ್ಲಿ ‘ಸಿ’ ಅಕ್ಷರ ಇದ್ದರೆ ಸಲಹೆ, ‘ಎಸ್’ ಇದ್ದರೆ ಸಲಹೆ ಕೊಡು. ನಾಮಪದಕ್ಕೆ ‘ಸಿ’, ಕ್ರಿಯೆಗೆ ‘ಎಸ್’ ಎಂಬ ಇದೇ ನಿಯಮ ಬ್ರಿಟಿಷ್ ಬಳಕೆಯ ‘ಪ್ರ್ಯಾಕ್ಟೀಸ್’ ಮತ್ತು ‘ಲೈಸೆನ್ಸ್’ಗಳಿಗೂ ಅನ್ವಯಿಸುತ್ತದೆ. ಅಮೆರಿಕನ್ನರು ಮೊದಲನೆಯದನ್ನು ಸದಾ ‘ಸಿ’ಯಲ್ಲೂ ಎರಡನೆಯದನ್ನು ಸದಾ ‘ಎಸ್’ನಲ್ಲೂ ಬರೆಯುತ್ತಾರೆ. ಒಂದು ಬರಹದಲ್ಲಿ ಒಂದೇ ಪದ್ಧತಿ ಇರಲಿ.

ಕೊನೆಗೆ ‘ಎ, ಎಲ್’ ಇರುವ ‘ಪ್ರಿನ್ಸಿಪಲ್’ ಮುಖ್ಯಸ್ಥರು, ಪ್ರಧಾನವಾದದ್ದು, ಸಾಲದ ಅಸಲು; ‘ಎಲ್, ಇ’ ಇರುವುದು ತತ್ತ್ವ. ನಡುವೆ ‘ಇ’ ಇರುವ ‘ಕಾಂಪ್ಲಿಮೆಂಟ್’ ಪೂರಕ, ‘ಐ’ ಇರುವುದು ಮೆಚ್ಚುಗೆಯ ಮಾತು. ಈ ಎರಡು ‘ಕಾಂಪ್ಲಿಮೆಂಟ್’ಗಳೂ ತುಂಬು ಎಂಬರ್ಥದ ಒಂದೇ ಲ್ಯಾಟಿನ್ ಧಾತುವಿನಿಂದ ಹುಟ್ಟಿದವು. ‘ಸ್ಟೇಷನರಿ’ ಕಥೆ ಇನ್ನೂ ಚೆನ್ನಾಗಿದೆ. ‘ಎ’ ಇರುವುದು ನಿಂತಲ್ಲೇ ನಿಂತ, ‘ಇ’ ಇರುವುದು ಕಾಗದ ಪೆನ್ನುಗಳ ಸಾಮಗ್ರಿ. ಮಧ್ಯಯುಗದಲ್ಲಿ ಊರೂರು ತಿರುಗಿ ಮಾರುವವರ ನಡುವೆ ಒಂದೇ ಕಡೆ ಅಂಗಡಿ ಇಟ್ಟು ಪುಸ್ತಕ ಮಾರುತ್ತಿದ್ದವರನ್ನು ‘ಸ್ಟೇಷನರ್’ ಎಂದು ಕರೆಯುತ್ತಿದ್ದರು. ನಿಂತಲ್ಲೇ ನಿಂತ ವ್ಯಾಪಾರಿಯ ಸರಕಿಗೆ ಆ ಹೆಸರೇ ಅಂಟಿಕೊಂಡಿತು. ಇಂಥ ಜೋಡಿಗಳಲ್ಲಿ ಕಂಪ್ಯೂಟರಿನ ಕಾಗುಣಿತ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಎರಡೂ ಸರಿಯಾದ ಪದಗಳೇ ಆದ್ದರಿಂದ ಅದು ಎಷ್ಟೋ ಸಲ ಸುಮ್ಮನಿರುತ್ತದೆ.

ಎರಡನ್ನೂ ಬಿಡುವುದೇ ಲೇಸು ಎನ್ನುವ ಕಡೆ

ಕೆಲವು ಜೋಡಿಗಳಲ್ಲಿ ನೀವು ಸರಿಯಾಗಿ ಆರಿಸಿದರೂ ಓದುವವರು ತಪ್ಪಾಗಿ ತಿಳಿಯಬಹುದು. ‘ಡಿಸ್‌ಇಂಟರೆಸ್ಟೆಡ್’ ಎಂದರೆ ಸ್ವಾರ್ಥದ ಲೇಪವಿಲ್ಲದ, ನಿಷ್ಪಕ್ಷಪಾತಿ. ‘ಅನ್‌ಇಂಟರೆಸ್ಟೆಡ್’ ಎಂದರೆ ಆಸಕ್ತಿಯಿಲ್ಲದ. ನ್ಯಾಯಾಧೀಶರು ಮೊದಲನೆಯದಾಗಿರಬೇಕು, ಎರಡನೆಯದಾಗಬಾರದು. ಆದರೆ 17ನೇ ಶತಮಾನದಲ್ಲಿ ಇವುಗಳ ಅರ್ಥ ಹೆಚ್ಚುಕಡಿಮೆ ಅದಲುಬದಲಾಗಿತ್ತು. ಇಂದೂ ಅನೇಕರು ಮೊದಲನೆಯದನ್ನು ಆಸಕ್ತಿಯಿಲ್ಲದ ಎಂದೇ ಬಳಸುತ್ತಾರೆ. ನಿಷ್ಪಕ್ಷಪಾತಿ ಎನ್ನಬೇಕಾದರೆ ‘ಇಂಪಾರ್ಷಿಯಲ್’ ಎಂದು ಬರೆಯಿರಿ, ಕಥೆ ಮುಗಿಯಿತು.

ಸಭೆಯಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡುವುದೆಂದರೆ ಬ್ರಿಟಿಷರಿಗೆ ಚರ್ಚೆಗೆ ಮಂಡಿಸುವುದು, ಅಮೆರಿಕನ್ನರಿಗೆ ಸದ್ಯಕ್ಕೆ ಬದಿಗಿಡುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಎರಡೂ ದೇಶಗಳ ಸೇನಾ ಪ್ರಮುಖರು ಇದೇ ಪದಕ್ಕಾಗಿ ಬಹಳ ಹೊತ್ತು ಬಿಸಿಬಿಸಿ ವಾದ ಮಾಡಿದರೆಂದೂ, ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಎಂಬುದು ಆಮೇಲೆ ತಿಳಿಯಿತೆಂದೂ ವಿನ್‌ಸ್ಟನ್ ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಬರೆದಿದ್ದಾರೆ. ಮಂಡಿಸುವುದಾದರೆ ‘ಪ್ರೆಸೆಂಟ್’, ಮುಂದೂಡುವುದಾದರೆ ‘ಪೋಸ್ಟ್‌ಪೋನ್’ ಎಂದರೆ ಎರಡೂ ದಡದಲ್ಲಿ ಅರ್ಥವಾಗುತ್ತದೆ.

‘ಬೈಮಂತ್ಲಿ’, ‘ಬೈವೀಕ್ಲಿ’ಗಳಂತೂ ಗುಣವಾಗದ ಕಾಯಿಲೆ. ತಿಂಗಳಿಗೆ ಎರಡು ಸಲ, ಎರಡು ತಿಂಗಳಿಗೊಮ್ಮೆ ಎಂಬ ಎರಡೂ ಅರ್ಥಗಳನ್ನು ನಿಘಂಟುಗಳೇ ಒಪ್ಪಿಕೊಂಡಿವೆ. ‘ನೆಕ್ಸ್ಟ್ ಫ್ರೈಡೇ’ ಕೂಡ ಅಷ್ಟೇ; ಬರುವ ಶುಕ್ರವಾರವೋ ಅದರ ಮುಂದಿನದೋ ಎಂದು ಇಂಗ್ಲಿಷ್ ಮನೆಮಾತಿನವರೇ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಇಲ್ಲಿ ಯಾವ ಪದ ಸರಿ ಎಂದು ಹುಡುಕುತ್ತಾ ಕೂರುವ ಬದಲು ತಾರೀಖನ್ನೇ ಬರೆದುಬಿಡಿ.